ಒಂದು ಬಾವಲಿ, ಒಂದು ಸಿಳ್ಳಾರ: ವರ್ಗೀಕರಣ ಬದಲಾದರೆ ರಕ್ಷಣೆಯೂ ಬದಲಾಗುತ್ತದೆಯೇ?

ಕೊಗನೊಳ್ಳಿಯ ಟೋಲ್ ನಾಕಾದ ಆಚೀಚೆ ಕಣ್ಣು ಹಾಯಿಸಿದರೆ ಕಬ್ಬು, ಸೋಯಾ, ತಂಬಾಕು. ಕಾಡುಪ್ರಾಣಿಯ ಮಾತು ಎತ್ತುವ ಜಾಗ ಇದಲ್ಲ ಅನಿಸುವುದು ಸಹಜ. ಆದರೆ ಈ ಸೀಮೆಗೆ ನೀರು ತರುವ ದೂಧಗಂಗಾ, ವೇದಗಂಗಾ ಎರಡೂ ಪಶ್ಚಿಮದ ಸಹ್ಯಾದ್ರಿಯಲ್ಲಿ ಹುಟ್ಟಿ ಇಳಿದು ಬರುತ್ತವೆ. ಅದೇ ಬೆಟ್ಟಸಾಲು ದಕ್ಷಿಣಕ್ಕೆ ಸಾಗಿ ಖಾನಾಪುರದ ಭೀಮಗಡ ಕಾಡನ್ನು ಸೇರುತ್ತದೆ. ಅಲ್ಲಿನ ಗುಹೆಯೊಂದರಲ್ಲಿ ಒಂದು ಸಣ್ಣ ಸಸ್ತನಿ ಇದೆ, ಅಲ್ಲಿನ ಝರಿಗಳ ಬಂಡೆಗಳ ಮೇಲೆ ಒಂದು ಸಿಳ್ಳಾರ ಇದೆ. ಒಂದು ಬಾವಲಿ, ಇನ್ನೊಂದು ಹಕ್ಕಿ. ಎರಡೂ ನಮ್ಮ ಬೆಳಗಾವಿ ಜಿಲ್ಲೆಯವು. ಜೀವಿಗಳ ವರ್ಗೀಕರಣಕ್ಕೂ ಸಂರಕ್ಷಣೆಗೂ ಇರುವ ಸಂಬಂಧದ ಬಗ್ಗೆ ಜಗತ್ತಿನಾದ್ಯಂತ ನಡೆಯುತ್ತಿರುವ ಚರ್ಚೆಯನ್ನು ಈ ಎರಡನ್ನೇ ಹಿಡಿದುಕೊಂಡು ನೋಡಬಹುದು.

ಪ್ರಶ್ನೆ ಇಷ್ಟು: ಒಂದು ಜೀವಿ ಯಾವ ಕುಟುಂಬದ್ದು, ಯಾವ ಪ್ರಭೇದದ್ದು ಎಂದು ತೀರ್ಮಾನಿಸುವವರು ಯಾರು? ಆ ತೀರ್ಮಾನ ಬದಲಾದಾಗ ಅದಕ್ಕೆ ಸಿಗುವ ರಕ್ಷಣೆ ಎಷ್ಟು ಬದಲಾಗುತ್ತದೆ? ಸಸ್ತನಿ ತಜ್ಞರ ಪಟ್ಟಿ ಬೇರೆ, ಪಕ್ಷಿ ತಜ್ಞರ ಪಟ್ಟಿ ಬೇರೆ, ಕಾನೂನಿನ ಪಟ್ಟಿ ಮತ್ತೂ ಬೇರೆ. ಈ ಪಟ್ಟಿಗಳು ಯಾವಾಗಲೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಕಿತ್ತೂರಿನ ಸೆರೆಯಾಳು ಮಾಡಿದ ಪಟ್ಟಿ

1758ರಲ್ಲಿ ಸ್ವೀಡನ್ನಿನ ಲಿನೇಯಸ್ ತನ್ನ ಗ್ರಂಥದ ಹತ್ತನೇ ಆವೃತ್ತಿಯಲ್ಲಿ ಪ್ರಾಣಿಗಳನ್ನೆಲ್ಲ ಗಣಗಳಾಗಿ ವಿಂಗಡಿಸಿದಾಗ ಬಾವಲಿಗಳನ್ನು ಮನುಷ್ಯ ಮತ್ತು ಕೋತಿಗಳ ಗಣಕ್ಕೇ ಸೇರಿಸಿದ್ದ. ಅಮೆರಿಕದ ಒಪೊಸಮ್‌ಗಳು, ಅಂದರೆ ಹೊಟ್ಟೆಚೀಲದ ಪ್ರಾಣಿಗಳ ಪೈಕಿ ಯುರೋಪಿಗೆ ಮೊದಲು ಪರಿಚಯವಾದವು, ಹಂದಿ, ಮುಳ್ಳುಹಂದಿಯಂಥ ಹೆಜ್‌ಹಾಗ್ ಮತ್ತು ಸುಂಡಿಲಿಗಳ ಜೊತೆ ಕೂತಿದ್ದವು. ಮರಿ ಹೆರುವ ಕ್ರಮ ಮತ್ತು ಜನನಾಂಗದ ರಚನೆ ನೋಡಿ ಒಪೊಸಮ್‌ನಂಥವುಗಳನ್ನು ಉಳಿದ ಸಸ್ತನಿಗಳಿಂದ ಬೇರೆಯಾಗಿಸಿದ್ದು 1816ರಲ್ಲಿ, ಫ್ರಾನ್ಸಿನ ಡಿ ಬ್ಲೇನ್‌ವಿಲ್. ಸಿಳ್ಳಾರಗಳಿಗೆ ಮಾತ್ರ ಲಿನೇಯಸ್ ಕೊಟ್ಟ ಟರ್ಡಸ್ ಎಂಬ ಕುಲನಾಮ ಇಂದಿಗೂ ಉಳಿದಿದೆ, ಅದರೊಳಗೆ ಯಾರು ಇರಬೇಕು ಎಂಬ ತಕರಾರೂ ಉಳಿದಿದೆ.

ನಮ್ಮ ಸೀಮೆಯ ಸಸ್ತನಿಗಳಿಗೆ ಮೊದಲ ವೈಜ್ಞಾನಿಕ ಪಟ್ಟಿ ಸಿಕ್ಕಿದ್ದು ಕಿತ್ತೂರಿನ ಇತಿಹಾಸಕ್ಕೆ ಹೊಂದಿಕೊಂಡ ಒಬ್ಬ ವ್ಯಕ್ತಿಯಿಂದ. 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯದೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತಾಗ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಕಿತ್ತೂರಿನವರು ಅವನನ್ನು ಕೊಲ್ಲದೆ ಬಿಟ್ಟರು. ಅದೇ ಎಲಿಯಟ್ 1839ರಲ್ಲಿ ‘ದಕ್ಷಿಣ ಮರಾಠಾ ದೇಶ’ದ, ಎಂದರೆ ಧಾರವಾಡ-ಬೆಳಗಾವಿ ಸೀಮೆಯ, ಸಸ್ತನಿಗಳ ಪಟ್ಟಿಯನ್ನು ಮದ್ರಾಸಿನ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದ. ಸ್ಥಳೀಯ ಹೆಸರುಗಳನ್ನೂ ಅವನು ಬರೆದಿಟ್ಟುಕೊಂಡಿದ್ದ. ಅವನು ಲಂಡನ್ನಿಗೆ ಕಳಿಸಿದ ಇಲಿಗಳ ಚರ್ಮ, ತಲೆಬುರುಡೆಗಳ ಮೇಲೆ ಜಾನ್ ಗ್ರೇ 1837ರಲ್ಲಿ ಹಲವು ಹೊಸ ಪ್ರಭೇದಗಳನ್ನು ಹೆಸರಿಸಿದ. ಹೊಲದ ಬದುವಿನಲ್ಲಿ ಬಿಲ ತೋಡುವ ಇಲಿಗಳು ಜಗತ್ತಿನ ಪಟ್ಟಿಗೆ ಸೇರಿದ್ದು ಹೀಗೆ. ನಿಪ್ಪಾಣಿಯ ಸೋಯಾ ಹೊಲದಲ್ಲಿ ಬೋನಿಗೆ ಬೀಳುವ ಇಲಿಗೂ ಒಂದು ಇತಿಹಾಸವಿದೆ ಎಂಬುದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕು.

ಆ ಕಾಲದ ವಿದ್ವಾಂಸರ ಮುಂದೆ ಇದ್ದದ್ದು ಚರ್ಮ, ಬುರುಡೆ, ಹಲ್ಲು. ಜೀವಂತ ಪ್ರಾಣಿ ಎಷ್ಟಿದೆ, ಎಲ್ಲಿದೆ ಎಂಬುದು ಅವರ ಪ್ರಶ್ನೆಯೇ ಆಗಿರಲಿಲ್ಲ. ವರ್ಗೀಕರಣ ಮೊದಲು ಹುಟ್ಟಿತು, ಸಂರಕ್ಷಣೆ ಒಂದೂವರೆ ಶತಮಾನ ತಡವಾಗಿ ಬಂದು ಅದರ ಹೆಗಲೇರಿತು. ಇಂದಿನ ಅರ್ಧ ಗೊಂದಲಕ್ಕೆ ಇದೇ ಕಾರಣ.

ಬಾರಾಪೇಡೆಯ ಬಾವಲಿ

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಸಸ್ತನಿ ಸಮೀಕ್ಷೆ ಶುರುಮಾಡಿತು. ಅದರ ಹಿಂದಿನ ಶಕ್ತಿ ನಿವೃತ್ತ ಅರಣ್ಯಾಧಿಕಾರಿ ರಾಬರ್ಟ್ ರಾಟನ್. ಮರುವರ್ಷ, 1912ರಲ್ಲಿ, ಸಮೀಕ್ಷೆಯ ತಂಡದಲ್ಲಿದ್ದ ತರುಣ ಎಸ್. ಎಚ್. ಪ್ರೇಟರ್ ಖಾನಾಪುರದ ತಳೇವಾಡಿ ಬಳಿಯ ಬಾರಾಪೇಡೆ ಗುಹೆಗಳಲ್ಲಿ ಒಂದು ವಿಚಿತ್ರ ಬಾವಲಿಯನ್ನು ಹಿಡಿದ. ದೊಡ್ಡ ಕಿವಿಗಳು ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡಿವೆ. ಮೈ ಗಾಢ ಚಾಕೊಲೇಟ್ ಕಂದು, ಕುತ್ತಿಗೆಯ ಹಿಂಭಾಗದಲ್ಲಿ ಬೂದುಬಿಳಿ ಪಟ್ಟಿ, ಪಕ್ಕೆಯ ಅಂಚಿಗೆ ಸಣ್ಣದೊಂದು ಬಿಳಿ ಗೆರೆ. ಬಾಲದ ತುದಿ ರೆಕ್ಕೆಯ ಪೊರೆಯಿಂದ ಹೊರಗೆ ಚಾಚಿರುತ್ತದೆ. ಬ್ರಿಟಿಷ್ ಮ್ಯೂಸಿಯಮ್ಮಿನ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಇದಕ್ಕೆ ರಾಟನ್ನನ ಹೆಸರಿಟ್ಟ. ಇದಕ್ಕಾಗಿ ಒಟೊಮಾಪ್ಸ್ ಎಂಬ ಹೊಸ ಕುಲವನ್ನೂ ಅದೇ ವರ್ಷ ಕಟ್ಟಿದ. ಪ್ರೇಟರ್ ಮುಂದೆ ಭಾರತದ ಪ್ರಾಣಿಗಳ ಬಗ್ಗೆ 1948ರಲ್ಲಿ ಬರೆದ ಪುಸ್ತಕ ಹಲವು ತಲೆಮಾರುಗಳಿಗೆ ಕೈಪಿಡಿಯಾಯಿತು.

ಸುಮಾರು ತೊಂಬತ್ತು ವರ್ಷ ಈ ಬಾವಲಿಗೆ ಜಗತ್ತಿನಲ್ಲಿ ಗೊತ್ತಿದ್ದ ಮನೆ ಬಾರಾಪೇಡೆ ಒಂದೇ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಇದನ್ನು ‘ತೀವ್ರ ಅಪಾಯದಲ್ಲಿದೆ’ ಎಂಬ ದರ್ಜೆಗೆ ಹಾಕಿದ್ದು ಈ ಕಾರಣಕ್ಕೇ. ಒಂದು ಗುಹೆ ಹಾಳಾದರೆ ಇಡೀ ಪ್ರಭೇದವೇ ಹೋಯಿತು ಎಂಬ ಸ್ಥಿತಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇದನ್ನು ಮೊದಲ ಪರಿಶಿಷ್ಟಕ್ಕೆ ಸೇರಿಸಿತು. ಆಮೇಲೆ 2001ರಲ್ಲಿ ಕಾಂಬೋಡಿಯದಿಂದ, 2002ರಲ್ಲಿ ಮೇಘಾಲಯದಿಂದ ಇದೇ ಬಾವಲಿ ಸಿಕ್ಕ ವರದಿಗಳು ಪ್ರಕಟವಾದವು. 2008ರ ಹೊತ್ತಿಗೆ ಕೆಂಪುಪಟ್ಟಿಯಲ್ಲಿ ಇದರ ದರ್ಜೆ ‘ಮಾಹಿತಿ ಸಾಲದು’ ಎಂದಾಯಿತು.

ಬಾರಾಪೇಡೆಯ ಗುಹೆಯೊಳಗೆ ಏನೂ ಬದಲಾಗಲಿಲ್ಲ. ಪ್ರಾಣಿಯ ಹೆಸರೂ ಬದಲಾಗಲಿಲ್ಲ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಕೆಲವು ಬಾವಲಿ ಸಿಕ್ಕಿದ್ದಕ್ಕೆ ನಮ್ಮ ಬಾವಲಿಯ ದರ್ಜೆ ಬದಲಾಯಿತು. ನಿಯಮದ ಪ್ರಕಾರ ಅದು ಸರಿ. ಆದರೆ ಕಾಂಬೋಡಿಯದ್ದು, ಮೇಘಾಲಯದ್ದು, ಬಾರಾಪೇಡೆಯದ್ದು ಮೂರೂ ಒಂದೇ ಪ್ರಭೇದ ಎಂಬ ಊಹೆಯ ಮೇಲೆ ಆ ಲೆಕ್ಕ ನಿಂತಿದೆ.

ಸಿಳ್ಳಾರ ಮನೆ ಬದಲಿಸಿದ ಬಗೆ

ಮಳೆಗಾಲದ ನಸುಕಿನಲ್ಲಿ ಖಾನಾಪುರ, ಅಂಬೋಲಿ ಕಡೆಯ ಹಳ್ಳದ ದಂಡೆಗೆ ಹೋದರೆ ಯಾರೋ ಮನುಷ್ಯರು ಗುರಿಯಿಲ್ಲದೆ ಸಿಳ್ಳೆ ಹಾಕುತ್ತ ಅಡ್ಡಾಡುತ್ತಿದ್ದಾರೆ ಎನ್ನುವಂಥ ದನಿ ಕೇಳುತ್ತದೆ. ಅದು ಮಲಬಾರ್ ಸಿಳ್ಳಾರ. ಕಪ್ಪಿಗೆ ಹತ್ತಿರದ ನೀಲಿ ಹಕ್ಕಿ, ಹಣೆ ಮತ್ತು ಭುಜದ ಮೇಲೆ ಬೆಳಕು ಬಿದ್ದಾಗ ಹೊಳೆಯುವ ನೀಲಿ ಮಚ್ಚೆ. ಗೂಡು ಝರಿಯ ಪಕ್ಕದ ಬಂಡೆಯ ಸಂದಿನಲ್ಲಿ. 1831ರಲ್ಲಿ ವಿಗರ್ಸ್ ಇದನ್ನು ವಿವರಿಸಿದ.

ಇದನ್ನು ಸಿಳ್ಳಾರ ಎಂದು ಎಲ್ಲರೂ ಕರೆದರು. ಪಕ್ಷಿಶಾಸ್ತ್ರಜ್ಞರೂ ಕರೆದರು. ಕೊಕ್ಕು, ಕಾಲಿನ ಹೊದಿಕೆ, ಧ್ವನಿಪೆಟ್ಟಿಗೆಯ ಸ್ನಾಯು, ಮರಿಗಳ ಮೈಮೇಲಿನ ಚುಕ್ಕೆ: ಇಂಥ ಲಕ್ಷಣಗಳೇ ಆಧಾರ. ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲೆ 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ತಂದ ಭಾರತ-ಪಾಕಿಸ್ತಾನದ ಪಕ್ಷಿ ಕೈಪಿಡಿಯಲ್ಲಿ ನೊಣಹಿಡುಕ, ಹರಟೆಮಲ್ಲ, ಉಲಿಯಕ್ಕಿ, ಸಿಳ್ಳಾರ ಎಲ್ಲವೂ ಮಸ್ಸಿಕಾಪಿಡೆ ಎಂಬ ಒಂದೇ ವಿಶಾಲ ಕುಟುಂಬದ ಉಪಕುಟುಂಬಗಳು. ಬೇರೆ ಗ್ರಂಥಗಳು ಸಿಳ್ಳಾರಗಳಿಗೆ ಟರ್ಡಿಡೆ ಎಂಬ ಪ್ರತ್ಯೇಕ ಕುಟುಂಬ ಕೊಟ್ಟವು.

1980ರ ದಶಕದಲ್ಲಿ ಅಮೆರಿಕದ ಸಿಬ್ಲಿ ಮತ್ತು ಆಲ್‌ಕ್ವಿಸ್ಟ್ ಎರಡು ಹಕ್ಕಿಗಳ ಡಿಎನ್‌ಎ ಎಳೆಗಳನ್ನು ಬೆರೆಸಿ ಕಾಯಿಸಿ, ಅವು ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ ಎಂದು ಅಳೆದರು. ಸಿಳ್ಳಾರಗಳಂತೆ ಕಾಣುವ ಹಲವು ಹಕ್ಕಿಗಳು ನಿಜಕ್ಕೂ ನೊಣಹಿಡುಕಗಳ ಸಂಬಂಧಿಕರು ಎಂಬ ಚಿತ್ರ ಅದರಿಂದ ಬಂತು. ನಂತರ ಡಿಎನ್‌ಎ ಅನುಕ್ರಮವನ್ನೇ ಓದುವ ಕಾಲ ಬಂದು, 2010ರ ಅಧ್ಯಯನಗಳು ಮಲಬಾರ್ ಸಿಳ್ಳಾರದ ಕುಲವನ್ನು ನೊಣಹಿಡುಕಗಳ ಕುಟುಂಬದೊಳಗೇ ಕೂರಿಸಿದವು. ಹಿಮಾಲಯದ ಝರಿಗಳಲ್ಲಿ ಕವಲುಬಾಲ ಆಡಿಸುತ್ತ ಓಡಾಡುವ ಕಪ್ಪು-ಬಿಳುಪು ಹಕ್ಕಿಗಳು ಇದರ ಹತ್ತಿರದ ನೆಂಟರು. ನಮ್ಮ ಕಾಡಿನ ಕಿತ್ತಳೆತಲೆಯ ಸಿಳ್ಳಾರ ಮಾತ್ರ ಸಿಳ್ಳಾರಗಳ ಕುಟುಂಬದಲ್ಲೇ ಉಳಿಯಿತು. ಅದರ ಕುಲನಾಮ ಬದಲಾಯಿತು, ಅಷ್ಟೆ.

ಇಷ್ಟು ದೊಡ್ಡ ಬದಲಾವಣೆಯಾದರೂ ಮಲಬಾರ್ ಸಿಳ್ಳಾರದ ಕೆಂಪುಪಟ್ಟಿಯ ದರ್ಜೆ ಕದಲಲಿಲ್ಲ. ‘ಆತಂಕ ಕಡಿಮೆ’ ಎಂದೇ ಇದೆ. ಆದರೆ ಇದರ ಪಕ್ಕದಲ್ಲೇ ಇನ್ನೊಂದು ಹಕ್ಕಿಯ ಕಥೆ ಬೇರೆ ದಾರಿ ಹಿಡಿಯಿತು. ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳ ನೆಲದಲ್ಲಿ ಓಡಾಡುವ ನೀಲಿ ಬಣ್ಣದ ಒಂದು ಹಕ್ಕಿಯನ್ನು ಜೆರ್ಡನ್ 1844ರಲ್ಲಿ ವಿವರಿಸಿದ್ದ. ಬಹುಕಾಲ ಇದೂ ಸಿಳ್ಳಾರಗಳ ಬಳಗದ್ದೇ ಎಂದಿತ್ತು. ಪಾಲಕ್ಕಾಡ್ ಕಣಿವೆಯ ಉತ್ತರದವು ಮತ್ತು ದಕ್ಷಿಣದವು ಬೇರೆ ಬೇರೆ ಪ್ರಭೇದ ಎಂದು 2005ರಲ್ಲಿ ರಾಸ್ಮುಸ್ಸೆನ್ ಮತ್ತು ಆಂಡರ್ಟನ್ ಒಡೆದರು. ವಿ. ವಿ. ರಾಬಿನ್ ಮತ್ತು ಸಂಗಡಿಗರು 2017ರಲ್ಲಿ ಇವಕ್ಕೆ ಶೋಲಿಕೋಲ ಎಂಬ ಹೊಸ ಕುಲ ಕೊಟ್ಟು, ತೀರ ದಕ್ಷಿಣದ ಅಶಂಬು ಬೆಟ್ಟಗಳಿಂದ ಮೂರನೆಯ ಪ್ರಭೇದವನ್ನೂ ಹೆಸರಿಸಿದರು. ನೀಲಗಿರಿ, ಬಾಬಾಬುಡನ್‌ಗಿರಿ, ಬ್ರಹ್ಮಗಿರಿಗಳ ಉತ್ತರದ ಪ್ರಭೇದ ಈಗ ‘ಅಳಿವಿನಂಚಿನಲ್ಲಿ’ ಇದೆ, ಆನೆಮಲೆ-ಪಳನಿಯದು ‘ಅಪಾಯಕ್ಕೀಡಾಗಬಹುದು’ ಎಂಬ ದರ್ಜೆಯಲ್ಲಿದೆ.

ಇದರಿಂದ ಒಂದು ಸೂತ್ರ ಹೊರಡುತ್ತದೆ. ಕುಟುಂಬದ ಮಟ್ಟದ ಬದಲಾವಣೆ ಕೆಂಪುಪಟ್ಟಿಯನ್ನು ಮುಟ್ಟುವುದಿಲ್ಲ. ಪ್ರಭೇದದ ಮಟ್ಟದ ಬದಲಾವಣೆ ಮುಟ್ಟುತ್ತದೆ. ಒಡೆದಾಗ ಪ್ರತಿ ಪಾಲಿನ ವ್ಯಾಪ್ತಿ ಕುಗ್ಗುತ್ತದೆ, ವ್ಯಾಪ್ತಿ ಕುಗ್ಗಿದರೆ ದರ್ಜೆ ಏರುತ್ತದೆ.

ಒಡೆಯುವವರು, ಕೂಡಿಸುವವರು, ಕವಲು ಎಣಿಸುವವರು

ಹಾಗಿದ್ದರೆ ಪ್ರಭೇದ ಎಂದರೆ ಯಾವುದು? ಅರ್ನ್ಸ್ಟ್ ಮೇಯರ್ 1942ರಲ್ಲಿ ಗಟ್ಟಿಗೊಳಿಸಿದ ವ್ಯಾಖ್ಯೆ ಎಲ್ಲರಿಗೂ ಗೊತ್ತು: ತಮ್ಮೊಳಗೆ ಕೂಡಿ ಸಂತಾನ ಪಡೆಯುವ, ಹೊರಗಿನವರೊಡನೆ ಕೂಡದ ಗುಂಪು. ಒಂದೇ ಕಾಡಿನಲ್ಲಿ ಜೊತೆಗಿರುವ ಎರಡು ಜೀವಿಗಳಿಗೆ ಇದು ಚೆನ್ನಾಗಿ ಅನ್ವಯಿಸುತ್ತದೆ. ಬಾರಾಪೇಡೆಯ ಬಾವಲಿ ಮೇಘಾಲಯದ ಬಾವಲಿಯನ್ನು ಎಂದೂ ಸಂಧಿಸುವುದಿಲ್ಲ. ಅಂಥಲ್ಲಿ ಈ ವ್ಯಾಖ್ಯೆ ಕೈಕೊಡುತ್ತದೆ, ವಿದ್ವಾಂಸರು ಊಹೆಗೆ ಬೀಳುತ್ತಾರೆ. ಈ ಪಂಥದವರು ಸಾಮಾನ್ಯವಾಗಿ ಕೂಡಿಸುವ ಕಡೆ ವಾಲುತ್ತಾರೆ. ಭಾರತದ ಕರಿ ಸಿಳ್ಳಾರವನ್ನು ಜೆರ್ಡನ್ 1839ರಲ್ಲೇ ಬೇರೆ ಪ್ರಭೇದ ಎಂದಿದ್ದರೂ ಬಹುಕಾಲ ಅದು ಯುರೋಪಿನ ಕರಿ ಸಿಳ್ಳಾರದ ಉಪಪ್ರಭೇದವಾಗಿ ಉಳಿದದ್ದು ಇದೇ ಮನೋಭಾವದಿಂದ. ಈಗ ಮತ್ತೆ ಬೇರೆಯಾಗಿದೆ.

ಜೋಯೆಲ್ ಕ್ರಾಕ್ರಾಫ್ಟ್ 1983ರಲ್ಲಿ ಎದುರು ವಾದ ಮಂಡಿಸಿದರು. ಗುರುತಿಸಬಲ್ಲ ಲಕ್ಷಣವುಳ್ಳ, ಒಂದೇ ವಂಶದಿಂದ ಬಂದ ಅತಿ ಚಿಕ್ಕ ಗುಂಪೇ ಪ್ರಭೇದ. ಡಿಎನ್‌ಎ ಅಗ್ಗವಾದಂತೆ ಈ ಪಂಥಕ್ಕೆ ಬಲ ಬಂತು. ಬೆಟ್ಟದ ತುದಿಗಳಲ್ಲಿ ಸಿಕ್ಕಿಕೊಂಡ ಜೀವಿಗಳ ನಿಜವಾದ ಇತಿಹಾಸ ಬೆಳಕಿಗೆ ಬಂದದ್ದು ಇದರಿಂದಲೇ, ಅದನ್ನು ಒಪ್ಪಲೇಬೇಕು. ಆದರೆ ಪ್ರಭೇದಗಳ ಸಂಖ್ಯೆ ಹೊಸ ಶೋಧದಿಂದಲ್ಲದೆ ಬರೀ ವ್ಯಾಖ್ಯೆಯಿಂದ ಉಬ್ಬುತ್ತಿದೆ ಎಂದು 2004ರಲ್ಲಿ ಐಸಾಕ್, ಮ್ಯಾಲೆಟ್ ಮತ್ತು ಮೇಸ್ ಎಚ್ಚರಿಸಿದರು. 2017ರಲ್ಲಿ ಗಾರ್ನೆಟ್ ಮತ್ತು ಕ್ರಿಸ್ಟಿಡಿಸ್ ಇನ್ನೂ ಮುಂದೆ ಹೋಗಿ, ವರ್ಗೀಕರಣದಲ್ಲಿ ಅರಾಜಕತೆ ಇದೆ, ಜಾಗತಿಕ ಆಡಳಿತ ವ್ಯವಸ್ಥೆ ಬೇಕು ಎಂದರು. ವರ್ಗೀಕರಣಕಾರರಲ್ಲಿ ಬಹಳ ಮಂದಿ ಸಿಟ್ಟಾದರು. ವಿಜ್ಞಾನದ ತೀರ್ಮಾನ ಸಮಿತಿಯ ಮತದಿಂದ ಆಗಬಾರದು ಎಂಬುದು ಅವರ ನಿಲುವು. ನನಗೆ ಅವರ ಮಾತೇ ಸರಿ ಕಾಣುತ್ತದೆ. ಆದರೆ ಕಾಯ್ದೆ ಬರೆಯುವವರಿಗೆ ಸ್ಥಿರವಾದ ಒಂದು ಪಟ್ಟಿ ಬೇಕು ಎಂಬುದೂ ಸುಳ್ಳಲ್ಲ.

ನಡುವೆ ನಿಂತವರೂ ಇದ್ದಾರೆ. ಟೋಬಿಯಸ್ ಮತ್ತು ಸಂಗಡಿಗರು 2010ರಲ್ಲಿ ಬಣ್ಣ, ಅಳತೆ, ಹಾಡುಗಳ ವ್ಯತ್ಯಾಸಕ್ಕೆ ಅಂಕ ಕೊಟ್ಟು, ಏಳು ಅಥವಾ ಹೆಚ್ಚು ಅಂಕ ಬಂದರೆ ಪ್ರಭೇದ ಎಂದು ಒಂದು ವಿಧಾನ ಮಾಡಿದರು. ಕೆಂಪುಪಟ್ಟಿಗೆ ಹಕ್ಕಿಗಳನ್ನು ಅಳೆಯುವ ಬರ್ಡ್‌ಲೈಫ್ ಸಂಸ್ಥೆ ಅದನ್ನೇ ಹಿಡಿಯಿತು. ಬೇರೆ ಪಕ್ಷಿಪಟ್ಟಿಗಳು ಹಿಡಿಯಲಿಲ್ಲ. ಅದರಿಂದ ಒಂದೇ ಹಕ್ಕಿ ಒಂದು ಪಟ್ಟಿಯಲ್ಲಿ ಪ್ರಭೇದ, ಇನ್ನೊಂದರಲ್ಲಿ ಉಪಪ್ರಭೇದ ಎಂಬ ಪರಿಸ್ಥಿತಿ ವರ್ಷಗಟ್ಟಲೆ ನಡೆಯಿತು. 2025ರಲ್ಲಿ ಈ ಪಟ್ಟಿಗಳವರು ಸೇರಿ ಎವಿಲಿಸ್ಟ್ ಎಂಬ ಏಕೀಕೃತ ಪಟ್ಟಿ ತಂದಿದ್ದಾರೆ. ಸಸ್ತನಿಗಳಿಗೆ ಇಷ್ಟು ಬಲವಾದ ಒಪ್ಪಂದ ಇನ್ನೂ ಬಂದಿಲ್ಲ.

ಮೂರನೆಯ ಪಂಥದವರು ಕುಟುಂಬಕ್ಕೂ ಬೆಲೆ ಕೊಡುತ್ತಾರೆ. ಜೀವವೃಕ್ಷದಲ್ಲಿ ಒಂಟಿಯಾಗಿ ಉಳಿದ ಕವಲು ಕಡಿದರೆ ಕೋಟ್ಯಂತರ ವರ್ಷದ ಇತಿಹಾಸ ಹೋಗುತ್ತದೆ, ಅದನ್ನು ಮೊದಲು ಉಳಿಸಿ ಎನ್ನುವವರು ಇವರು. 1991ರಲ್ಲಿ ವೇನ್-ರೈಟ್ ಮತ್ತು ಸಂಗಡಿಗರು, 1992ರಲ್ಲಿ ಡೇನಿಯಲ್ ಫೇಯ್ತ್ ಇದಕ್ಕೆ ಲೆಕ್ಕದ ರೂಪ ಕೊಟ್ಟರು. ಇವರ ವಾದಕ್ಕೆ ಒಳ್ಳೆಯ ಸಾಕ್ಷಿ ಚಿಲಿ ಮತ್ತು ಅರ್ಜೆಂಟೀನಾದ ಒಂದು ಪುಟಾಣಿ ಪ್ರಾಣಿ, ಮೊನಿಟೊ. ಇದಕ್ಕೆ 1894ರಲ್ಲಿ ವೈಜ್ಞಾನಿಕ ಹೆಸರಿಟ್ಟವನೂ ನಮ್ಮ ಬಾರಾಪೇಡೆ ಬಾವಲಿಯ ಥಾಮಸನೇ. ಬಹುಕಾಲ ಇದನ್ನು ಸಣ್ಣ ಒಪೊಸಮ್ ಎಂದೇ ತಿಳಿಯಲಾಗಿತ್ತು. 1982ರಲ್ಲಿ ಫ್ರೆಡೆರಿಕ್ ಸಲೇ ಇದರ ಕಣಕಾಲಿನ ಮೂಳೆ ಪರೀಕ್ಷಿಸಿ, ಇದರ ಬಂಧುಗಳು ಅಮೆರಿಕದ ಒಪೊಸಮ್‌ಗಳಲ್ಲ, ಆಸ್ಟ್ರೇಲಿಯಾದ ಕಾಂಗರೂ ಬಳಗದವರು ಎಂದರು. ಈಗ ಇದು ಒಂದು ಇಡೀ ಗಣದಲ್ಲಿ ಉಳಿದ ಏಕೈಕ ಕುಲ. ಒಪೊಸಮ್ ಎಂದಿದ್ದಾಗ ನೂರಕ್ಕೂ ಹೆಚ್ಚು ಪ್ರಭೇದಗಳಲ್ಲಿ ಒಂದು, ಈಗ ಒಂದು ಗಣದ ಕೊನೆಯ ವಾರಸುದಾರ. 2016ರಲ್ಲಿ ಇದನ್ನೂ ಮೂರು ಪ್ರಭೇದಗಳಾಗಿ ಒಡೆಯಲಾಗಿದೆ, ಎಲ್ಲರೂ ಒಪ್ಪಿಲ್ಲ.

ನಮ್ಮಲ್ಲಿ ಇಂದು ಹೊಟ್ಟೆಚೀಲದ ಪ್ರಾಣಿಗಳಿಲ್ಲ. ಆದರೆ ಗೋಕಾಕದ ಬಳಿ ಲಾವಾ ಪದರಗಳ ನಡುವಿನ ಮಣ್ಣಿನಲ್ಲಿ, ಡೈನೋಸಾರ್ ಯುಗದ ಕೊನೆಗಾಲದ, ಅಳಿದುಹೋದ ಗೊಂಡ್ವಾನಾ ಸಸ್ತನಿಯೊಂದರ ಹಲ್ಲುಗಳು ಸಿಕ್ಕಿವೆ. ಅದೇ ಬಳಗದ ಪ್ರಾಣಿಗಳು ಮಡಗಾಸ್ಕರ್ ಮತ್ತು ಅರ್ಜೆಂಟೀನಾದಲ್ಲೂ ಇದ್ದವು. 2007ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಅದಕ್ಕೆ ಹೆಸರಿಟ್ಟವು: ಭರತ್‌ಥೀರಿಯಮ್ ಮತ್ತು ದಕ್ಷಿಣಾ. ಮೊದಲು ಅಚ್ಚಾದ ಭರತ್‌ಥೀರಿಯಮ್ ಉಳಿಯಿತು.

ಕೆಂಪುಪಟ್ಟಿ ಒಂದು ಕಡೆ, ಕಾಯ್ದೆ ಇನ್ನೊಂದು ಕಡೆ

1964ರಲ್ಲಿ ಶುರುವಾದ ಕೆಂಪುಪಟ್ಟಿಗೆ ಅಂಕಿಸಂಖ್ಯೆಯ ಮಾನದಂಡ ಬಂದದ್ದು 1994ರಲ್ಲಿ. ಕುಸಿತದ ವೇಗ, ವ್ಯಾಪ್ತಿ, ಉಳಿದ ಸಂಖ್ಯೆ ಇವುಗಳ ಮೇಲೆ ದರ್ಜೆ. ಅದು ಜಗತ್ತಿನ ಲೆಕ್ಕ, ಜಿಲ್ಲೆಯ ಲೆಕ್ಕವಲ್ಲ. ಭಾರತದ ಕಾನೂನಿನ ದಾರಿ ಬೇರೆ. 1972ರ ಕಾಯ್ದೆಯ ನಾಲ್ಕನೇ ಪರಿಶಿಷ್ಟದಲ್ಲಿ ಸಿಳ್ಳಾರಗಳೆಲ್ಲ ಒಂದೇ ಸಾಲಿನಲ್ಲಿ ಗುಂಪಾಗಿದ್ದವು. ಹಣ್ಣು ತಿನ್ನುವ ಬಾವಲಿಗಳು ಐದನೇ ಪರಿಶಿಷ್ಟದಲ್ಲಿ ಕಾಗೆ, ಇಲಿಗಳ ಜೊತೆ ‘ಪೀಡಕ’ಗಳಾಗಿದ್ದವು. ಕೀಟ ತಿನ್ನುವ ಬಾವಲಿಗಳಲ್ಲಿ ಬಾರಾಪೇಡೆಯದನ್ನು ಬಿಟ್ಟರೆ ಬಹುಪಾಲು ಯಾವ ಪರಿಶಿಷ್ಟದಲ್ಲೂ ಇರಲಿಲ್ಲ. ರಾತ್ರಿಯಿಡೀ ಹೊಲದ ಹುಳ ತಿನ್ನುವ ಪ್ರಾಣಿಗೆ ಸಿಕ್ಕ ಈ ಅನಾದರ ದೊಡ್ಡ ಅನ್ಯಾಯ. 2022ರ ತಿದ್ದುಪಡಿ ಪೀಡಕಗಳ ಪರಿಶಿಷ್ಟವನ್ನು ತೆಗೆದುಹಾಕಿ, ಪ್ರಭೇದಗಳನ್ನು ವೈಜ್ಞಾನಿಕ ಹೆಸರಿನೊಂದಿಗೆ ಒಂದೊಂದಾಗಿ ಬರೆಯುವ ಕ್ರಮ ತಂದಿತು. ಇದರಿಂದ ಸ್ಪಷ್ಟತೆ ಬಂತು, ಜೊತೆಗೆ ಹೊಸ ತೊಡಕೂ ಬಂತು. ಹೆಸರು ಬದಲಾದಾಗಲೆಲ್ಲ ಕಾನೂನಿನ ಪಟ್ಟಿ ಹಿಂದೆ ಬೀಳುತ್ತದೆ. ಗುಂಪಿನ ಹೆಸರು ಹಳೆಯದಾದರೂ ಹೊಸ ಪ್ರಭೇದವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತಿತ್ತು.

ಕೋಲಾರದ ಹನುಮನಹಳ್ಳಿಯ ಬಾವಲಿಯ ಉದಾಹರಣೆ ಇಲ್ಲಿ ಮುಖ್ಯ. 1994ರಲ್ಲಿ ವಿವರಿಸಲಾದ ಈ ಪ್ರಭೇದ ಕೆಂಪುಪಟ್ಟಿಯಲ್ಲಿ ‘ತೀವ್ರ ಅಪಾಯ’ದ್ದು, ಉಳಿದಿರುವುದು ಇನ್ನೂರರ ಒಳಗೆ. ಅದಕ್ಕೆ ಕಂಟಕ ವರ್ಗೀಕರಣದ ಜಗಳವಲ್ಲ, ಗ್ರಾನೈಟ್ ಗಣಿ. ಬಾರಾಪೇಡೆಯ ಬಾವಲಿಗೆ ಆಸರೆಯಾದದ್ದೂ ಹೆಸರಿಗಿಂತ ಹೆಚ್ಚಾಗಿ ಜಾಗ: ರಾಜ್ಯ ಸರ್ಕಾರ 2011ರಲ್ಲಿ ಸುಮಾರು 190 ಚದರ ಕಿಲೋಮೀಟರ್ ಕಾಡನ್ನು ಭೀಮಗಡ ವನ್ಯಜೀವಿಧಾಮ ಎಂದು ಘೋಷಿಸಿತು. ಗುಹೆ ಮತ್ತು ಸಿಳ್ಳಾರದ ಝರಿ ಎರಡಕ್ಕೂ ಒಂದೇ ಬೇಲಿ ಸಿಕ್ಕಿತು. ವರ್ಗೀಕರಣದ ಜಗಳ ಮುಗಿಯುವವರೆಗೆ ಕಾಯದೆ ಜಾಗವನ್ನು ಉಳಿಸುವುದೇ ಸರಿಯಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೂ ಇತ್ಯರ್ಥವಾಗದ್ದು

ದೊಡ್ಡ ಪ್ರಶ್ನೆ ಬಾರಾಪೇಡೆಯದೇ. ಮೇಘಾಲಯ, ಕಾಂಬೋಡಿಯದ ಬಾವಲಿಗಳು ಬೇರೆ ಪ್ರಭೇದ ಎಂದು ನಾಳೆ ಯಾರಾದರೂ ತೋರಿಸಿದರೆ ನಮ್ಮದು ಮತ್ತೆ ಒಂದೇ ಗುಹೆಯ ಪ್ರಾಣಿಯಾಗುತ್ತದೆ, ದರ್ಜೆ ಮತ್ತೆ ತುದಿಗೇರುತ್ತದೆ. ಒಂದೇ ಎಂದು ಸಾಬೀತಾದರೂ ‘ಮಾಹಿತಿ ಸಾಲದು’ ಎಂಬುದು ಅಭಯವಲ್ಲ, ಹುಡುಕಿ ಎಂಬ ಸೂಚನೆ. ‘ಆತಂಕ ಕಡಿಮೆ’ ಎಂಬ ಹಣೆಪಟ್ಟಿಯ ಮಲಬಾರ್ ಸಿಳ್ಳಾರ ಕೃಷ್ಣೆಯ ಉಪನದಿಗಳ ಮೂಲದಲ್ಲಿ ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದನ್ನು ಜಾಗತಿಕ ಪಟ್ಟಿ ಹೇಳಲಾರದು. ರಾಷ್ಟ್ರಮಟ್ಟದಲ್ಲಿ 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳನ್ನು ಅಳೆದು 178ಕ್ಕೆ ಹೆಚ್ಚಿನ ಆದ್ಯತೆ ಕೊಟ್ಟಿತು. ಅದಕ್ಕೆ ಆಧಾರವಾದದ್ದು ಊರೂರಿನ ಹವ್ಯಾಸಿಗಳು ದಾಖಲಿಸಿದ ಪಟ್ಟಿಗಳು. ಬಾವಲಿಗಳಿಗೆ ಅಂಥ ಜನಗಣತಿ ಇಲ್ಲ. ಕಾನೂನಿನ ಪರಿಶಿಷ್ಟ ಯಾವ ಪಕ್ಷಿಪಟ್ಟಿಯನ್ನು ಅನುಸರಿಸಬೇಕು, ಎಷ್ಟು ವರ್ಷಕ್ಕೊಮ್ಮೆ ತಿದ್ದಬೇಕು ಎಂಬುದೂ ತೀರ್ಮಾನವಾಗಿಲ್ಲ.

ಎಲಿಯಟ್‌ನ ಪಟ್ಟಿಗೆ ಹತ್ತಿರ ಹತ್ತಿರ ಇನ್ನೂರು ವರ್ಷವಾಗುತ್ತ ಬಂತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು, ಕಲಿಯುವವರು ತಮ್ಮ ತಮ್ಮ ತಾಲ್ಲೂಕಿನ ಹಾಳು ಬಾವಿ, ಹಳೆ ವಾಡೆ, ಗುಡಿಯ ಗರ್ಭಗುಡಿಗಳಲ್ಲಿರುವ ಬಾವಲಿಗಳನ್ನು ಮುಟ್ಟದೆ, ಓಡಿಸದೆ ಎಣಿಸಿ ಬರೆದಿಡಲಿ. ಆ ಕೆಲಸಕ್ಕೆ ಪರವಾನಗಿ ಬೇಕಾದ ಕಡೆ ಅರಣ್ಯ ಇಲಾಖೆಯನ್ನು ಕೇಳಲಿ. ಯಾವ ಪಂಥದವರು ಗೆದ್ದರೂ ಅವರಿಗೆ ಬೇಕಾಗುವುದು ಈ ಎಣಿಕೆಯೇ.